ಸ್ಟ್ರೆಂತ್ ಐತಿ, ಕ್ವಾಲಿಟಿ ಇಲ್ಲ

ನಾಲ್ಕನೆಯ ಪಾಠ ಮುಗಿಸಿದ ದಿನ ಮಾರ್ಗದರ್ಶಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ಮೂರು ಮಾತು ಬರೆದರು. "ಧ್ವನಿ ಚೆನ್ನಾಗಿದೆ. ಕಪ್ಪುಹಲಗೆಯ ಬಳಕೆ ಚೆನ್ನಾಗಿದೆ. ಪ್ರಶ್ನೆ ಕೇಳಿ ಕಾಯುವುದಿಲ್ಲ." ಮೊದಲ ಎರಡನ್ನು ಓದಿ ಹಿಗ್ಗಿದ ಮುಖ ಮೂರನೆಯದಕ್ಕೆ ಸಣ್ಣದಾಯಿತು. 'ಅರ್ಥ ಆಯಿತೇ?' ಅಂದಾಗಲೆಲ್ಲ ಇಡೀ ಒಂಬತ್ತನೆಯ ತರಗತಿ 'ಹೂಂ ರೀ ಸರ್' ಅಂದಿತ್ತಲ್ಲ, ಇನ್ನು ಏತಕ್ಕೆ ಕಾಯಬೇಕು ಎಂದು ಒಳಗೊಳಗೇ ವಾದಿಸಿದೆ. ಆ ರಾತ್ರಿ ಮುಗಳಖೋಡದ ನಮ್ಮ ಮನೆಯ ಸ್ಲ್ಯಾಬಿನ ಮೇಲೆ ಹಾಸಿಗೆ ಬಿಡಿಸುವಾಗ ಮೂಲೆಯಲ್ಲಿದ್ದ ಡಿಶ್ ಕಣ್ಣಿಗೆ ಬಿತ್ತು. ವಾದ ಅಲ್ಲಿಗೇ ನಿಂತಿತು.

ಅದು 2020ರ ಜುಲೈ ತಿಂಗಳ ಕಥೆ. ಶಾಲೆಗಳು ಮುಚ್ಚಿದ್ದವು. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರಿಗೆ 'ಸಂವೇದ' ಪಾಠಗಳು ಶುರುವಾದವು. ತಂಗಿ ಎಸ್ಸೆಸ್ಸೆಲ್ಸಿ. ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನು ಅಪ್ಪನ ಕಿಸೆಯಲ್ಲಿ ಕಬ್ಬಿನ ಹೊಲಕ್ಕೆ ಹೋಗುತ್ತಿತ್ತು. ತಿಂಗಳ ಬಾಡಿಗೆ ಇಲ್ಲವೆಂದು ಡಿಡಿ ಫ್ರೀ ಡಿಶ್‌ನ ಪೆಟ್ಟಿಗೆ, ತಟ್ಟೆ, ವಾಯರು ಕೊಂಡು ತಂದೆವು. ಕೂರಿಸಲು ಮೆಕ್ಯಾನಿಕ್ 300 ರೂಪಾಯಿ ಕೇಳಿದ. "ಬಿ.ಎಸ್ಸಿ. ಓದೇನಿ, ನನಗ ಬರೂದಿಲ್ಲೇನು?" ಎಂದೆ. ಅವ್ವ ನಂಬಿದಳು.

ಮೊದಲ ದಿನ ಪೆಟ್ಟಿಗೆಯ ಎರಡೂ ಪಟ್ಟಿಗಳು ಸೊನ್ನೆ. ಸ್ಟ್ರೆಂತ್ ಸೊನ್ನೆ, ಕ್ವಾಲಿಟಿ ಸೊನ್ನೆ. ನಾನು ಡಿಶ್ ತಿರುವಿದ್ದೇ ತಿರುವಿದ್ದು. ಸಂಜೆ ವಾಯರಿನ ತುದಿ ಬಿಚ್ಚಿ ನೋಡಿದರೆ ಹೊರ ಜಾಲರಿಯ ಒಂದು ಎಳೆ ನಡುವಿನ ತಾಮ್ರದ ತಂತಿಗೆ ತಾಗಿತ್ತು. ಎಲ್‌ಎನ್‌ಬಿಗೆ ಪೆಟ್ಟಿಗೆಯಿಂದ ಕರೆಂಟೇ ಹೋಗುತ್ತಿರಲಿಲ್ಲ. ಎಳೆ ಕತ್ತರಿಸಿದ ಕೂಡಲೆ ತಂಗಿ ಒಳಗಿನಿಂದ ಕೂಗಿದಳು: "ಅಣ್ಣಾ, ಸ್ಟ್ರೆಂತ್ ಎಂಬತ್ತು!" ನಾನು ಗೆದ್ದೆನೆಂದೇ ಕೆಳಗಿಳಿದೆ. ಪರದೆ ಕಪ್ಪಗೇ ಇತ್ತು. "ಸ್ಟ್ರೆಂತ್ ಐತಿ, ಕ್ವಾಲಿಟಿ ಇಲ್ಲ" ಎಂದಳು.

ಇದರ ಅರ್ಥ ತಿಳಿಯಲು ನನಗೆ ಒಂದು ದಿನ ಬೇಕಾಯಿತು. ಸ್ಟ್ರೆಂತ್ ಎಂದರೆ ಎಲ್‌ಎನ್‌ಬಿ ಜೀವಂತವಿದೆ, ವಾಯರಿನಲ್ಲಿ ಏನೋ ಬರುತ್ತಿದೆ ಎಂದಷ್ಟೇ. ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಆ ಪಟ್ಟಿ ತುಂಬಬಹುದು. ಬೇಕಾದ ಉಪಗ್ರಹದ ಸಂಕೇತವನ್ನು ಪೆಟ್ಟಿಗೆ ಬಿಡಿಸಿ ಓದಬಲ್ಲದೇ ಎಂಬುದನ್ನು ಹೇಳುವುದು ಕ್ವಾಲಿಟಿ. ನಾನು ನೋಡಿ ಖುಷಿಪಟ್ಟದ್ದು ಬರೀ ಗದ್ದಲ.

ಹಾಗಾದರೆ ದಿಕ್ಕು ತಪ್ಪಿದೆ. ನಾನು ದಿಕ್ಕು ಹಿಡಿದದ್ದು ಪಕ್ಕದ ಮನೆಯ ಕಾಕಾ ಅವರ ಡಿಶ್ ನೋಡಿ. ಅವರದು ಬೇರೆ ಕಂಪನಿಯದು, ಅದರ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಫ್ರೀ ಡಿಶ್‌ನದು ಜಿಸ್ಯಾಟ್-15, 2015ರ ನವೆಂಬರಿನಲ್ಲಿ ಹಾರಿಸಿದ್ದು, 93.5 ಡಿಗ್ರಿಯಲ್ಲಿದೆ, ಅಂದರೆ ಸುಮಾತ್ರಾದ ಪಶ್ಚಿಮಕ್ಕೆ ಸಮುದ್ರದ ನೆತ್ತಿಯ ಮೇಲೆ. ನಮ್ಮೂರಿನಿಂದ ನೋಡಿದರೆ ಎರಡರ ದಿಕ್ಕಿಗೂ ಸುಮಾರು 23 ಡಿಗ್ರಿ ಅಂತರ. ಹಿಂದಿನ ವರ್ಷದವರ ಪಾಠ ಯೋಜನೆಯನ್ನು ನಕಲು ಮಾಡಿಕೊಂಡು ಬಂದವರಿಗೆ (ನಾನೂ ಒಂದು ಮಾಡಿದ್ದೇನೆ) ಈ ಲೆಕ್ಕ ಅರ್ಥವಾದೀತು.

ಎರಡನೆಯ ದಿನ ಲೆಕ್ಕ ಹಾಕಿದೆ: ಉತ್ತರದಿಂದ ಪ್ರದಕ್ಷಿಣೆಯಾಗಿ 130 ಡಿಗ್ರಿ, ಅಂದರೆ ಆಗ್ನೇಯ, ಎತ್ತರ 61 ಡಿಗ್ರಿ. ಅಪ್ಪನ ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೆ ಆನಿಸಿ ಹಿಡಿದೆ, ಅದು ಸುಳ್ಳು ಹೇಳಿತು. ನಾಲ್ಕು ಹೆಜ್ಜೆ ದೂರ ಸರಿದಾಗ ಸರಿಯಾಯಿತು. ತಂಗಿಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಹಿಡಿದು ತಟ್ಟೆಯ ಮುಖವನ್ನು 61 ಡಿಗ್ರಿಗೆ ಎತ್ತಿದೆ. ಮತ್ತೆ ಸೊನ್ನೆ. ನಮ್ಮ ಮನೆಗಳ ಡಿಶ್ ಪೂರ್ತಿ ಬಟ್ಟಲಲ್ಲ, ದೊಡ್ಡ ಬಟ್ಟಲಿನ ಒಂದು ಬದಿಯ ತುಣುಕು. ಅದಕ್ಕೇ ಎಲ್‌ಎನ್‌ಬಿಯ ತೋಳು ನಡುವಿನಿಂದಲ್ಲ, ಕೆಳಗಿನಿಂದ ಬರುತ್ತದೆ. ತಟ್ಟೆಯ ಮುಖ ನೋಡುವ ದಿಕ್ಕಿಗಿಂತ ಅದು ಗ್ರಹಿಸುವ ದಿಕ್ಕು ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿರುತ್ತದೆ. ಬಿ.ಎಸ್ಸಿ.ಯಲ್ಲಿ ಪರವಲಯದ ಸಮೀಕರಣ ಬರೆದು ಅಂಕ ತೆಗೆದಿದ್ದ ನನಗೆ ಇದು ಹೊಳೆಯಲಿಲ್ಲ.

ಇಷ್ಟರಲ್ಲಿ ಮೂರು ದಿನದ ಪಾಠ ಹೋಗಿತ್ತು. ತಂಗಿ ಅಳಲಿಲ್ಲ, ಗಣಿತದ ಪುಸ್ತಕ ತೆರೆದಿಟ್ಟುಕೊಂಡು ಕಪ್ಪು ಪರದೆಯ ಮುಂದೆ ಕೂತಿದ್ದಳು. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ಸಂಜೆ ಕೋನ ಸುಮಾರಾಗಿ ಸರಿ ಇತ್ತು. ಪಾನಾ ಹಿಡಿದು ಬೋಲ್ಟು ಸಡಿಲಿಸಿ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಆಡಿಸಿದೆ. "ಬಂತೇನು?" "ಇಲ್ಲ." "ಈಗ?" "ಇಲ್ಲ." "ಈಗರ?" ಅರ್ಧ ತಾಸಾದ ಮೇಲೆ ನಾನು ಸಿಟ್ಟಿಗೆದ್ದು, "ಕಣ್ಣು ಬಿಟ್ಟು ನೋಡವಾ!" ಎಂದು ಒದರಿದೆ. ಅವಳು ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು, ನಿಧಾನವಾಗಿ ಹೇಳಿದಳು: "ಅಣ್ಣಾ, ಎರಡು ಸಲ ಬಂದಿತ್ತು. ನಾ 'ಬಂತು' ಅನ್ನೂದ್ರಾಗ ನೀ ಮತ್ತ ತಿರುವಿದಿ."

ತಟ್ಟೆ ಒಂದಿಷ್ಟು ಸರಿದ ಮೇಲೆ ಪೆಟ್ಟಿಗೆಗೆ ಸಂಕೇತ ಹಿಡಿದು ತೋರಿಸಲು ಎರಡು ಮೂರು ಸೆಕೆಂಡು ಬೇಕು. ನಮ್ಮಂಥ ಸಣ್ಣ ಡಿಶ್‌ನ ಅಂಚು ಒಂದು ಸೆಂಟಿಮೀಟರು ಸರಿದರೆ ದಿಕ್ಕು ಎರಡು ಡಿಗ್ರಿ ಬದಲಾಗುತ್ತದೆ, ಉಪಗ್ರಹ ಕೈತಪ್ಪಲು ಅಷ್ಟೇ ಸಾಕು. ನಾನು ಸರಿಯಾದ ಜಾಗವನ್ನು ಎರಡು ಸಲ ದಾಟಿ ಹೋಗಿದ್ದೆ, ಮೇಲಾಗಿ ಅವಳನ್ನೇ ಬೈದಿದ್ದೆ. ಆಮೇಲೆ ಬೆರಳಗಲ ಸರಿಸುವುದು, ಕೈ ತೆಗೆಯುವುದು, ಐದು ಎಣಿಸುವುದು. ಹನ್ನೊಂದೋ ಹನ್ನೆರಡೋ ಸಲಕ್ಕೆ ಚಂದನ ಬಂತು. ಎಲ್‌ಎನ್‌ಬಿಯನ್ನು ಕೊಂಚ ತಿರುಚಿದಾಗ ಕ್ವಾಲಿಟಿ ಇನ್ನಷ್ಟು ಏರಿತು. ಬೋಲ್ಟು ಬಿಗಿ ಮಾಡುವಾಗ ಮತ್ತೊಮ್ಮೆ ಹೋಯಿತು, ಅದು ಬೇರೆ ಮಾತು.

ಮೇರಿ ಬಡ್ ರೋ ಅವರ 'ಕಾಯುವ ಅವಧಿ'ಯ ಅಧ್ಯಯನವನ್ನು ಸೂಕ್ಷ್ಮ ಬೋಧನೆಯ ಹೊತ್ತಿಗೆ ನಾವೆಲ್ಲ ಬರೆದುಕೊಂಡಿದ್ದೇವೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ನಾನೂ ಟಿಪ್ಪಣಿಯಲ್ಲಿ ಅಡಿಗೆರೆ ಎಳೆದಿದ್ದೆ.

ಐದನೆಯ ಪಾಠ ಅದೇ ತರಗತಿಗೆ, ಗುರುತ್ವ ಘಟಕದ್ದೇ ಮುಂದುವರಿಕೆ. ಉಪಗ್ರಹ ಭೂಮಿಯ ಸುತ್ತ ತಿರುಗುತ್ತದೆ ಎಂದು ಚಿತ್ರ ಬರೆದು, 'ಅರ್ಥ ಆಯಿತೇ?' ಎಂಬುದನ್ನು ನುಂಗಿಕೊಂಡು, ಬೇರೆ ಕೇಳಿದೆ: "ಉಪಗ್ರಹ ತಿರಗತೈತಿ ಅಂದ್ವಿ. ಹಂಗಾರ ನಿಮ್ಮ ಮನಿ ಡಿಶ್ ಯಾಕ ತಿರುಗೂದಿಲ್ಲ?" ತರಗತಿ ಮೌನವಾಯಿತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಪೆನ್ನು ಹಿಡಿದು ಕೂತಿದ್ದರು. ನಾಲಿಗೆಯ ತುದಿಗೆ ಬಂದಿದ್ದ 36,000 ಕಿಲೋಮೀಟರನ್ನು ತಡೆಹಿಡಿದು, ಸೀಮೆಸುಣ್ಣ ಕೆಳಗಿಟ್ಟು, ಬೆನ್ನ ಹಿಂದೆ ಬೆರಳು ಮಡಚಿದೆ. ಒಂದು. ಎರಡು. ಮೂರು. ಯಾರೋ ಕೆಮ್ಮಿದರು. ನಾಲ್ಕು. ಐದು. ಆರಕ್ಕೆ ಬಂದಾಗ ಕಿಟಕಿಯ ಪಕ್ಕದ ಹುಡುಗಿ, ಆ ವಾರವಿಡೀ ಬಾಯಿ ತೆರೆಯದವಳು, ಅರ್ಧ ಎದ್ದು ನಿಂತಳು.

"ನಮ್ಮ ಮನಿನೂ ಜೊತಿಗೆ ತಿರಗತೈತಲ್ರಿ ಸರ್?"