ಕರೆಂಟು ಹೋಯ್ತು, ಫೋನೂ ಹೋಯ್ತು!

2020ರ ಅಕ್ಟೋಬರ್ 12, ಸೋಮವಾರ. ಗ್ರಿಡ್ ಕೈಕೊಟ್ಟು ಮುಂಬಯಿಯ ಬಹುಪಾಲು ಕಡೆ ಕರೆಂಟಿಲ್ಲ. ನಮ್ಮ ಬ್ರಾಂಚಿನ ಕಂಪ್ಯೂಟರುಗಳೇನೋ ಯುಪಿಎಸ್ ಮೇಲೆ ನಡೆದವು. ಹೊಸ ಐಪಿ ಫೋನುಗಳು ಮಾತ್ರ ಸತ್ತು ಮಲಗಿದವು. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಇವಕ್ಕೆ ನೆಟ್‌ವರ್ಕ್ ಕೇಬಲ್ಲಿನಲ್ಲಿ ಸ್ವಿಚ್ಚಿನಿಂದ ಬರಬೇಕು. ಆ ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಹಾಕಿಸಿದವನು ನಾನೇ!

ಊರಲ್ಲಿ ಅಮ್ಮನಿಗೆ ಬಾಯಿಪಾಠವಿದ್ದದ್ದು ಬ್ರಾಂಚಿನ ನಂಬರೊಂದೇ. ಕೊರೋನಾ ಕಾಲ ಬೇರೆ. ಸಂಜೆ ನಾನು ಫೋನು ಮಾಡಿದರೆ, "ಬೆಳಿಗ್ಗೆಯಿಂದ ಮಾಡ್ತಾ ಇದ್ದೇನೆ, ಸಿಕ್ಕಲೇ ಇಲ್ಲ. ನಾನು ಎಂಥ ಅಂತ ತಿಳ್ಕೊಳ್ಳೋದು ಮಗಾ?" ಎಂದು ಅತ್ತೇಬಿಟ್ಟರು.

ಮರುದಿನವೇ ಸ್ವಿಚ್ಚು, ರೂಟರು ಎರಡನ್ನೂ ಯುಪಿಎಸ್‌ಗೆ ಸೇರಿಸಿ, ಮೇನ್ ಆಫ್ ಮಾಡಿಸಿ ನೋಡಿದೆ. ಫೋನು ಬದುಕಿತ್ತು. ನಿಮ್ಮ ಆಫೀಸಿನಲ್ಲೂ ಒಮ್ಮೆ ನೋಡಿಬಿಡಿ ಮಾರಾಯ್ರೆ. ಊರಿನ ಗೋಡೆಯಲ್ಲೀಗ ನನ್ನ ಮೊಬೈಲ್ ನಂಬರೂ ಇದೆ, ದೊಡ್ಡ ಅಕ್ಷರದಲ್ಲಿ.