ಬೇಸೂ ಬೇಕು, ಮಾತೂ ಕೇಳಬೇಕು

ನಮ್ಮ ಟೀಮಿಗೆ ಹೊಸಬರು ಯಾರಾದರೂ ಸೇರಿದರೆ ಒಂದು ವಾರದೊಳಗೆ ನನ್ನ ಡೆಸ್ಕಿನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳ್ತಾರೆ. "ಗುರು, ಯಾವ ಹೆಡ್‌ಫೋನ್ ತಗೊಳ್ಳಲಿ? ಬೇಸ್ ಸಖತ್ತಾಗಿರಬೇಕು, ಆದ್ರೆ ಕ್ಲಿಯರ್ ಆಗಿಯೂ ಇರಬೇಕು. ಎರಡು ಸಾವಿರದೊಳಗೆ." ಕೋಡ್ ರಿವ್ಯೂಗೆ ಕರೆದರೆ ಇಷ್ಟು ಉತ್ಸಾಹದಿಂದ ಯಾರೂ ಬರಲ್ಲ ಬಿಡಿ. ಸಾಂಬಾರಿಗೆ ಖಾರ ಜಾಸ್ತಿ ಇರಬೇಕು, ಬೇಳೆ ರುಚಿಯೂ ಗೊತ್ತಾಗಬೇಕು ಅಂದ ಹಾಗೆ ಇದು. ಆಗಲ್ಲ ಅಂತಲ್ಲ, ಮಾಡೋರಿಗೆ ಗೊತ್ತಿರಬೇಕು ಅಷ್ಟೆ.

ಬೇಸ್ ಅಂದರೆ ನನಗೂ ಆಸೆಯೇ. ಬ್ಯಾಡಗಿ ತಾಲ್ಲೂಕಿನ ಹಳ್ಳಿಯಲ್ಲಿ ಬೆಳೆದವನು. ಜಾತ್ರೆಯಲ್ಲಿ ಡೊಳ್ಳಿನವರು ಸಾಲಾಗಿ ನಿಂತು ಬಾರಿಸಿದರೆ ಶಬ್ದ ಕಿವಿಗಿಂತ ಮೊದಲು ಎದೆಗೆ ಬಂದು ಹೊಡೆಯುತ್ತದೆ. ಆದರೆ ಆ ಗುಂ ಅನ್ನೋದರ ಜೊತೆಗೇ ಕೋಲು ಚರ್ಮಕ್ಕೆ ತಾಗುವ ಟಕ್ ಕೂಡ ಇರುತ್ತೆ. ಆ ಟಕ್ ಇಲ್ಲದಿದ್ದರೆ ಡೊಳ್ಳು ಡೊಳ್ಳಾಗಿ ಕೇಳಲ್ಲ, ಪಕ್ಕದ ಮನೆಯವರು ಗೋಡೆ ಗುದ್ದಿದ ಹಾಗೆ ಕೇಳುತ್ತೆ. ದಾವಣಗೆರೆಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಮೊದಲ ಸಂಬಳದಲ್ಲಿ ಎಸ್.ಪಿ. ರೋಡಿನಿಂದ ಒಂದು ಹೆಡ್‌ಫೋನ್ ತಂದಿದ್ದೆ. ಡಬ್ಬಿ ಮೇಲೆ ಕಂಪನಿ ಹೆಸರಿಗಿಂತ ದೊಡ್ಡದಾಗಿ 'ಬೇಸ್' ಅಂತ ಬರೆದಿತ್ತು. ಅದರಲ್ಲಿ ಗೋಡೆ ಗುದ್ದುವುದು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಡುವವರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ.

ಯಾಕೆ ಹೀಗೆ ಅಂತ ತಲೆಗೆ ಹುಳ ಹೊಕ್ಕಿತು. ಓದಿಕೊಂಡಿದ್ದು ಇಷ್ಟು. ನಮ್ಮ ಕಿವಿಗೆ ಕೇಳೋದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಅದರಲ್ಲಿ 250ರ ಕೆಳಗಿನದ್ದನ್ನ ಬೇಸ್ ಅಂತಾರೆ. ಎದೆಗೆ ತಾಗೋ ಗುಮ್ಮು ಇರೋದು ಇನ್ನೂ ಕೆಳಗೆ, 100ರ ಒಳಗೆ. ಗಂಡಸರ ದನಿ ಶುರುವಾಗೋದೇ ಸುಮಾರು 100ರಿಂದ. ಸಸ್ತಾ ಹೆಡ್‌ಫೋನ್ ಮಾಡೋರು ಬೇಸ್ ಎತ್ತುವಾಗ ಬರೀ 100ರ ಕೆಳಗಿನದನ್ನ ಎತ್ತಲ್ಲ, 200, 300ರ ಆಸುಪಾಸನ್ನೂ ಸೇರಿಸಿ ಎತ್ತಿಬಿಡ್ತಾರೆ. ಅಲ್ಲಿ ಹಾಡುವವರ ದನಿ ಇದೆ, ತಬಲಾದ ಡಗ್ಗಾ ಇದೆ, ಗಿಟಾರಿನ ದಪ್ಪ ತಂತಿಗಳಿವೆ. ಎಲ್ಲಾ ಸೇರಿ ರಾಡಿ. ಇದರ ಮೇಲೆ ಕಿವಿಯದ್ದೇ ಒಂದು ಗುಣ: ಜೋರಾದ ಕೆಳದನಿ ತನಗಿಂತ ಮೇಲಿರುವ ದನಿಗಳನ್ನ ಮುಚ್ಚಿಹಾಕುತ್ತೆ. ಉಲ್ಟಾ ಅಷ್ಟು ಸುಲಭವಾಗಿ ಆಗಲ್ಲ. ಅಂದರೆ ಬೇಸ್ ಜಾಸ್ತಿ ಆದಾಗ ಮಾತು ಮಸುಕಾಗೋದು ನಮ್ಮ ಭ್ರಮೆಯಲ್ಲ.

ಡಬ್ಬಿಯ ಮೇಲಿನ ಅಂಕಿಗಳನ್ನ ನಂಬಬೇಡಿ. '20–20,000 ಹರ್ಟ್ಸ್' ಅಂತ ಎಲ್ಲದರ ಮೇಲೂ ಇರುತ್ತೆ. ಅದರಲ್ಲಿ ಯಾವುದು ಎಷ್ಟು ಜೋರು, ಯಾವುದು ಎಷ್ಟು ಮೆತ್ತಗೆ ಅಂತ ಹೇಳದೇ ಇದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. '40 ಎಂಎಂ ಡ್ರೈವರ್' ಅನ್ನೋದೂ ಅಷ್ಟೆ, ಹೋಟೆಲ್ ಮುಂದೆ ನಮ್ಮ ಬಾಣಲೆ ಇಷ್ಟು ಅಗಲ ಅಂತ ಬೋರ್ಡ್ ಹಾಕಿದಂತೆ. ಅಂಗಡಿಯಲ್ಲಿ ಎರಡು ಹೆಡ್‌ಫೋನ್ ಹೋಲಿಸುವಾಗ ಇನ್ನೊಂದು ವಿಷಯ ನೆನಪಿಡಿ. ಒಂದು ಚೂರು ಜೋರಾಗಿರೋದೇ ನಮಗೆ ಚೆನ್ನಾಗಿ ಕೇಳುತ್ತೆ. 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದಾರೆ: ಶಬ್ದ ಮೆತ್ತಗಿದ್ದಾಗ ಕೆಳದನಿಗಳಿಗೆ ನಮ್ಮ ಕಿವಿ ಮಂದ, ಜೋರು ಮಾಡಿದಂತೆಲ್ಲ ಬೇಸ್ ತುಂಬಿಕೊಂಡ ಹಾಗೆ ಅನಿಸುತ್ತೆ. ಅದಕ್ಕೇ ಎರಡನ್ನೂ ಒಂದೇ ಮಟ್ಟಕ್ಕೆ ತಂದುಕೊಂಡು ಕೇಳಬೇಕು. ಅಂಗಡಿಯವನು ಗೊಣಗಿದರೆ ಗೊಣಗಲಿ.

ಎರಡನೆಯದು 'ಕ್ಲಿಯರ್' ಅಂತ ಎಲ್ಲರೂ ಹೊಗಳಿದ ಹೆಡ್‌ಫೋನು. ಹಾಡಿನಲ್ಲಿ ಸ, ಶ ಬಂದಾಗೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗಾಗೋದು. ಕೆಳದನಿ ಕಡಿಮೆ ಮಾಡಿ ಮೇಲ್ದನಿ ಕೆತ್ತಿಟ್ಟರೆ ಮೊದಲ ಐದು ನಿಮಿಷ ಆಹಾ ಅನಿಸುತ್ತೆ, ಒಂದು ಗಂಟೆ ಆದ ಮೇಲೆ ತಲೆನೋವು. ಅದು ಈಗ ರೂಮ್‌ಮೇಟ್ ಹತ್ತಿರ ಇದೆ. ಅವನಿಗೆ ಖುಷಿಯೋ ಖುಷಿ, ಅವನು ಅದರಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳ್ತಾನೆ.

ಮೂರನೆಯದು ಸಿಕ್ಕಿದ್ದು 1,800 ರೂಪಾಯಿಗೆ. ವೈರ್ ಇರೋದು, ಕಿವಿಯೊಳಗೆ ಕೂರೋದು. ಹಾರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಅನ್ನುವವರು ಕಳೆದ ದಶಕದಲ್ಲಿ ನೂರಾರು ಜನರಿಗೆ ಹಾಡು ಕೇಳಿಸಿ, ಹೆಚ್ಚಿನವರಿಗೆ ಯಾವ ಹದ ಇಷ್ಟ ಅಂತ ಒಂದು ಗೆರೆ ಎಳೆದಿದ್ದಾರೆ. ಒಳ್ಳೆಯ ಸ್ಪೀಕರು ಒಂದು ಸಾಮಾನ್ಯ ಕೋಣೆಯಲ್ಲಿ ಹೇಗೆ ಕೇಳುತ್ತೋ ಹೆಚ್ಚು ಕಡಿಮೆ ಹಾಗೆ: ಸುಮಾರು 100 ಹರ್ಟ್ಸ್‌ಗಿಂತ ಕೆಳಗೆ ಬೇಸ್ ಎತ್ತರ, ಅಲ್ಲಿಂದ ಮೇಲೆ 200, 300ರ ಹೊತ್ತಿಗೆ ಇಳಿದು ಸಮತಟ್ಟು. ನನಗೆ ಸಿಕ್ಕಿದ್ದು ಆ ಗೆರೆಗೆ ಹತ್ತಿರದ್ದು. ಬೇಸ್ ಇದೆ, ಆದರೆ ಮಾತಿನ ಜಾಗಕ್ಕೆ ಕಾಲು ಚಾಚಲ್ಲ.

ನನ್ನ ಪರೀಕ್ಷೆ ಸರಳ. 1983ರ 'ಪಲ್ಲವಿ ಅನುಪಲ್ಲವಿ' ಚಿತ್ರದ ಹಾಡು ಹಾಕೋದು. ಇಳಯರಾಜಾ ಹಾಡುಗಳಲ್ಲಿ ಬೇಸ್ ಗಿಟಾರ್ ಸುಮ್ಮನೆ ತಾಳ ಹಾಕ್ತಾ ಕೂರಲ್ಲ, ತಾನೇ ಒಂದು ಟ್ಯೂನ್ ಹಿಡಿದು ಕೆಳಗೆ ಓಡಾಡ್ತಿರುತ್ತೆ. ಕಣ್ಣು ಮುಚ್ಚಿ ಅದರ ಒಂದೊಂದು ಸ್ವರವನ್ನೂ ಬೆನ್ನಟ್ಟಬೇಕು. ಹಾಗೆ ಬೆನ್ನಟ್ಟುವಾಗಲೂ ಮೇಲೆ ಎಸ್‌ಪಿಬಿ, ಜಾನಕಿಯವರ ಒಂದು ಅಕ್ಷರವೂ ತಪ್ಪಬಾರದು. ಎರಡೂ ಆದರೆ ದುಡ್ಡು ಕೊಡಿ.

ಅಂದಹಾಗೆ, ಕಿವಿಯೊಳಗೆ ಕೂರುವ ಇಯರ್‌ಫೋನ್ ಜೊತೆ ಮೂರು ಅಳತೆಯ ರಬ್ಬರ್ ಟಿಪ್ ಕೊಟ್ಟಿರ್ತಾರಲ್ಲ, ಅದನ್ನ ಮುಕ್ಕಾಲು ಜನ ಡಬ್ಬಿಯಿಂದ ತೆಗೆಯೋದೇ ಇಲ್ಲ. ಟಿಪ್ ಸಡಿಲ ಇದ್ದರೆ ಮೊದಲು ಸೋರಿಹೋಗೋದು ಬೇಸ್. ಎಷ್ಟೋ ಜನ "ಇದರಲ್ಲಿ ಬೇಸೇ ಇಲ್ಲ ಮಗಾ" ಅಂತ ನನ್ನ ಹತ್ತಿರ ತಂದಾಗ ಟಿಪ್ ಬದಲಾಯಿಸಿ ಕೊಟ್ಟು ಕಾಫಿ ಗಿಟ್ಟಿಸಿದ್ದೇನೆ. ಬಸ್ಸಿನಲ್ಲಿ ಕೇಳೋರಾದರೆ ನಾಯ್ಸ್ ಕ್ಯಾನ್ಸಲೇಷನ್‌ಗೆ ದುಡ್ಡು ಹಾಕಬಹುದು. ಅದು ಚೆನ್ನಾಗಿ ಅಳಿಸೋದು ಇಂಜಿನ್, ಎಸಿಯಂಥ ಒಂದೇ ಸಮ ಗುಂಯ್‌ಗುಡುವ ಕೆಳದನಿಯನ್ನ. ಅದು ಹೋದರೆ ಬೇಸ್ ಕೇಳಲಿಕ್ಕೆ ವಾಲ್ಯೂಮ್ ಏರಿಸಬೇಕಿಲ್ಲ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡಿದ್ದ ಕಾಲಕ್ಕೇ ಅಪ್ಪನ ಫೋನ್ ಮಾತುಗಳು ನನಗೆ ಬೇರೆ ಥರ ಕೇಳಲು ಶುರುವಾದವು.

"ಯಾವಾಗ ಬರ್ತಿ?"

"ಶನಿವಾರ ಬರ್ತೀನಪ್ಪಾ."

"ಹೂಂ, ರವಿವಾರ ಬಾ. ಬಸ್‌ಸ್ಟ್ಯಾಂಡಿಗೆ ಬರ್ತೀನಿ."

ಶನಿವಾರ ಇಳಿದರೆ ಯಾರೂ ಇಲ್ಲ. ಮನೆಗೆ ನಡೆದುಕೊಂಡು ಹೋದೆ. ಅವ್ವ ಬಾಗಿಲಲ್ಲೇ ಶುರು ಮಾಡಿದಳು, "ನನ್ನ ಮಾತಷ್ಟ ಕೇಳಂಗಿಲ್ಲ ನೋಡು ಇವರಿಗೆ. ಮಂದಿದೆಲ್ಲಾ ಕೇಳತೈತಿ." ಇಷ್ಟು ವರ್ಷ ಅದು ನಮ್ಮ ಮನೆಯ ಜೋಕಾಗಿತ್ತು. ಆವತ್ತು ಊಟ ಮಾಡುತ್ತಾ ಶನಿವಾರ, ರವಿವಾರ ಅಂತ ಬಾಯಲ್ಲಿ ಹೇಳಿಕೊಂಡು ನೋಡಿದೆ. ಎರಡಕ್ಕೂ ಸ್ವರಗಳು ಒಂದೇ. ಬೇರೆ ಇರೋದು ಬರೀ ಶ, ನ ಮತ್ತು ರ, ವ. ಸ್ವರಗಳ ಬಲವೆಲ್ಲ ಕೆಳಗಿನ ಹರ್ಟ್ಸ್‌ಗಳಲ್ಲಿ ಇರುತ್ತೆ. ಸ, ಶ, ತ, ಕ ಇವುಗಳ ಗುರುತು ಇರೋದು ಮೇಲೆ, 2,000ದಿಂದ 8,000ದವರೆಗೆ. ಹಳೆ ಕಾಲದ ಫೋನ್ ಲೈನು ಸಾಗಿಸುವುದೇ 300ರಿಂದ 3,400ರವರೆಗೆ, ಉಳಿದದ್ದು ಕೇಳುವವನ ಊಹೆ. ಅಪ್ಪನ ಕಿವಿ ಊಹೆ ಮಾಡ್ತಾ ಇತ್ತು. ಅವ್ವನ ದನಿ ಸಣ್ಣದು, ಮೇಲಿನದು. ಅದಕ್ಕೇ ಮೊದಲು ತಪ್ಪಿಹೋಗಿದ್ದು ಅವಳ ಮಾತು.

ಅಪ್ಪನದ್ದು ಹಿಟ್ಟಿನ ಗಿರಣಿ. ಮೂವತ್ತು ವರ್ಷಕ್ಕೂ ಮೇಲಾಯ್ತು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಶುರು, ಹೋಗುವವರೆಗೂ ಜೋಳ, ಗೋಧಿ, ಖಾರಪುಡಿ. ಮೋಟಾರಿನ ಗುಡುಗು, ಪಟ್ಟಾದ ಟಪಟಪ, ಕಲ್ಲಿನ ಸರ್ರನೆ ಸದ್ದು, ಎಲ್ಲಾ ಒಂದು ಸಣ್ಣ ತಗಡಿನ ಕೋಣೆಯೊಳಗೆ. ನನ್ನ ಕಾಲೇಜು ಫೀಸು ಬಂದಿದ್ದು ಆ ಕೋಣೆಯಿಂದ. ಶಬ್ದದಿಂದ ಕಿವಿ ಹಾಳಾಗುವಾಗ ಮೊದಲು ಸವೆಯುವುದು 4,000 ಹರ್ಟ್ಸ್ ಆಸುಪಾಸು. ಒಳಗಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಡೆಸಿಬಲ್ ಆದರೆ ವಾರಕ್ಕೆ ಬರೀ 4 ಗಂಟೆ. ನಾವು ಕಿವಿಗೆ ಹಾಕಿಕೊಂಡು ಕುಣಿಯೋದಕ್ಕೂ ಇದೇ ಲೆಕ್ಕ.

"ಅಪ್ಪಾ, ಕಿವಿ ತೋರಿಸೋಣು," ಅಂತ ಎತ್ತರಿಸಿ ಹೇಳಿದೆ.

"ಒದರಬ್ಯಾಡ. ಕೇಳಸ್ತೈತಿ. ಏನಂದಿ ಅನ್ನೂದು ತಿಳಿವಲ್ದು."

ಆ ಒಂದು ವಾಕ್ಯದಲ್ಲಿ ಅಪ್ಪ ಇಡೀ ಕಾಯಿಲೆ ಹೇಳಿ ಮುಗಿಸಿದ್ದ. ರಾತ್ರಿ ಲ್ಯಾಪ್‌ಟಾಪ್ ತೆಗೆದು ಈಕ್ವಲೈಜರ್ ಹಾಕಿದೆ. ಅಪ್ಪನಿಗೆ ಇಷ್ಟ ಅಂತ ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ತತ್ವಪದ. ಶರೀಫರು ನಮ್ಮ ಜಿಲ್ಲೆಯವರೇ, ಅಪ್ಪನಿಗೆ ಆ ಪದಗಳು ಬಾಯಿಪಾಠ. ಮೊದಲು ಹಾಗೇ ಕೇಳಿಸಿದೆ. "ತಾಳ ಬರ್ತೈತಿ, ಪದ ಬರವಲ್ದು" ಅಂದ. ನಾನು ಇಷ್ಟು ವರ್ಷ ಹುಡುಕಿ ಹುಡುಕಿ ಹಿಡಿದ ಬೇಸನ್ನ ಕೆಳಗಿಳಿಸಿದೆ. 3,000ದ ಸುತ್ತಮುತ್ತ ಮೆಲ್ಲಗೆ ಎತ್ತುತ್ತಾ ಹೋದೆ. ಒಟ್ಟು ವಾಲ್ಯೂಮ್ ಏರಿಸಲಿಲ್ಲ. ಅಪ್ಪ ಸುಮ್ಮನೆ ಕೂತಿದ್ದವನು ಒಮ್ಮೆಗೇ ಕೈಯೆತ್ತಿ ನನ್ನನ್ನ ತಡೆದ. ತುಟಿ ಅಲ್ಲಾಡ್ತಾ ಇತ್ತು. ಹಾಡಿನ ಜೊತೆ ಹೇಳಿಕೊಳ್ತಾ ಇದ್ದ. ಪೂರ್ತಿ ಮುಗಿದ ಮೇಲೆ ಹೆಡ್‌ಫೋನ್ ತೆಗೆದು, "ಇನ್ನೊಮ್ಮೆ ಹಚ್ಚು" ಅಂದ. ನಾನು ಕೇಳಿ ನೋಡಿದರೆ ಅದು ಡಬ್ಬ ಬಾರಿಸಿದ ಹಾಗಿತ್ತು. ಸ, ಶ ಎಲ್ಲ ಸೂಜಿ. ರೂಮ್‌ಮೇಟ್‌ಗೆ ಕೊಟ್ಟೆನಲ್ಲ, ಆ ಎರಡನೇ ಹೆಡ್‌ಫೋನು ಥೇಟ್ ಹಾಗೇ.

ಹುಬ್ಬಳ್ಳಿಯಲ್ಲಿ ಕಿವಿ ಪರೀಕ್ಷೆ ಆಯ್ತು. ಡಾಕ್ಟರು ಕೊಟ್ಟ ಗ್ರಾಫಿನಲ್ಲಿ ಗೆರೆ 250ರಿಂದ 1,000ದವರೆಗೆ ನೆಟ್ಟಗೆ ಬಂದು, 4,000ದ ಹತ್ತಿರ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಹೆಡ್‌ಫೋನುಗಳ ಗ್ರಾಫು ಎಷ್ಟೋ ನೋಡಿದ್ದೆ, ಅಪ್ಪನದ್ದು ನೋಡಿದ್ದು ಅದೇ ಮೊದಲು. ಕಿವಿ ಮಷೀನು ಮಾಡುವ ಕೆಲಸವೂ ಸರಿಸುಮಾರು ಅದೇ ಈಕ್ವಲೈಜರ್ ಕೆಲಸ, ಯಾವ ಹರ್ಟ್ಸ್ ಎಷ್ಟು ಕಡಿಮೆಯೋ ಅಲ್ಲಿ ಅಷ್ಟು ಎತ್ತೋದು. ನನ್ನ ಮೂರು ಹೆಡ್‌ಫೋನಿನ ಹತ್ತಿಪ್ಪತ್ತು ಪಟ್ಟು ಬೆಲೆ, ಅದಿರಲಿ. ಹಾಕಿಕೊಂಡ ಮೊದಲ ದಿನ ಅಪ್ಪನಿಗೆ ಪಾತ್ರೆ ಸದ್ದು, ಪ್ಲಾಸ್ಟಿಕ್ ಚೀಲದ ಪರಪರ, ಎಲ್ಲಾ ಕಿರಿಕಿರಿ. ಅವ್ವನಿಗೆ ಬೇರೆ ಚಿಂತೆ, ಇಷ್ಟು ವರ್ಷ ಗೊಣಗಿದ್ದು ಈಗ ಕೇಳಿಸುತ್ತಲ್ಲ ಅಂತ.

ಉಳಿದಿರೋ ಕಿವಿಯಾದರೂ ಉಳಿಯಲಿ ಅಂತ ಗಿರಣಿಗೆ ಒಂದು ಇಯರ್‌ಮಫ್ ಕಳಿಸಿದೆ, ಕಟ್ಟಡ ಕೆಲಸದ ಕಡೆ ಹಾಕ್ಕೋತಾರಲ್ಲ ಅಂಥದ್ದು. ಮಷೀನು ತೆಗೆದಿಟ್ಟು ಇದನ್ನ ಹಾಕ್ಕೋ ಅಂತ ಹೇಳಿದ್ದೆ. ಹೋದ ತಿಂಗಳು ಊರಿಗೆ ಹೋದಾಗ ಅದು ಕೊರಳಲ್ಲಿ ನೇತಾಡ್ತಾ ಇತ್ತು, ಮೇಲೆಲ್ಲ ಖಾರಪುಡಿ.

"ಯಾಕ ಹಾಕ್ಕೊಂಡಿಲ್ಲ?"

"ಅದನ್ನ ಹಾಕ್ಕೊಂಡ್ರ ಪಟ್ಟಾ ಸಡ್ಲಾಗಿದ್ದು ತಿಳಿಯಂಗಿಲ್ಲೋ ತಮ್ಮಾ. ಕಲ್ಲು ಸವದಿದ್ದೂ ಸಪ್ಪಳದ ಮ್ಯಾಲೇ ತಿಳೀಬೇಕು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಒಪ್ಪಂದಕ್ಕೆ ಬಂದೆವು. ಚೀಲ ಸುರಿಯುವಾಗ, ತೂಕ ಮಾಡುವಾಗ ಎರಡೂ ಕಿವಿಗೆ. ಪಟ್ಟಾ ನೋಡಬೇಕಾದಾಗ ಒಂದು ಕಡೆ ಮಾತ್ರ ಸರಿಸೋದು, ಅದೂ ಎಡಗಡೆ. ಬಲಗಿವಿ ಇನ್ನೂ ಸ್ವಲ್ಪ ಚೊಲೋ ಐತಿ, ಅದನ್ನ ಮುಟ್ಟಬಾರದು ಅಂತ ಅವ್ವನ ಹುಕುಂ. ಅದನ್ನ ಅವಳು ಹೇಳಿದ್ದು ಒಳಗೆ ರೊಟ್ಟಿ ಬಡಿಯುತ್ತಾ, ಮೆತ್ತಗೆ. ಅಪ್ಪ ಪಡಸಾಲೆಯಿಂದ "ಹೂಂ" ಅಂದ.