ಬಿಡದೆ ಮರಳಿಸುವ ಎದುರಾಳಿ

ಟೆನಿಸ್‌ನಲ್ಲಿ ರಕ್ಷಣಾತ್ಮಕ ಆಟಗಾರರು ಗೆಲ್ಲುವುದು ಹೆಚ್ಚಾಗಿ ಎದುರಾಳಿಯ ತಪ್ಪುಗಳಿಂದ. ಬಂಡೆಗೆ ಎಸೆದ ಚೆಂಡಿನಂತೆ ಪ್ರತಿ ಹೊಡೆತವೂ ತಿರುಗಿ ಬರುತ್ತದೆ. ತಾಳ್ಮೆಗೆಟ್ಟವರು ಗೆರೆಯಂಚಿಗೆ ಗುರಿಯಿಟ್ಟು ಚೆಂಡನ್ನು ಹೊರಗೆ ಹಾಕುತ್ತಾರೆ. ಇನ್ನೂ ಬಲವಾಗಿ ಹೊಡೆಯುವುದು ಇದಕ್ಕೆ ಮದ್ದಲ್ಲ, ಬಂದ ರಭಸವನ್ನೇ ರಕ್ಷಣಾತ್ಮಕ ಆಟಗಾರರು ತಿರುಗಿಸಿ ಕಳಿಸುತ್ತಾರೆ. ಅಂಕಣದ ಹಿಂದೆ ನೆಲೆಯೂರಿದವರನ್ನು ಕೋನದ ಹೊಡೆತದಿಂದ ಬದಿಗೆ, ಡ್ರಾಪ್ ಶಾಟ್‌ನಿಂದ ಮುಂದಕ್ಕೆ ಎಳೆಯಬೇಕು. ಅವರು ಮರಳಿಸಿದ ಚೆಂಡು ನೆಟ್‌ಗೆ ಹತ್ತಿರ ಬಿದ್ದ ಕೂಡಲೇ ನೆಟ್ ಬಳಿಗೆ ನುಗ್ಗಿ ವಾಲಿಯಲ್ಲಿ ಮುಗಿಸಬೇಕು. ಬಿರುಸಿನ ಸರ್ವ್ ಮತ್ತು ನೆಟ್ ಬಳಿಯ ಇಂತಹ ಆಟವೇ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಶಕ್ತಿಯಾಗಿತ್ತು. 2010ರಲ್ಲಿ ಚೆನ್ನೈನಲ್ಲಿ ನಡೆದ ಡೇವಿಸ್ ಕಪ್‌ನಲ್ಲಿ ಬ್ರೆಜಿಲ್ ಎದುರು 2–2 ಸಮವಾಗಿದ್ದಾಗ, ನಿರ್ಣಾಯಕ ಸಿಂಗಲ್ಸ್‌ನಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಭಾರತವನ್ನು ಗೆಲ್ಲಿಸಿದವರು ಅವರೇ.